ಟ್ರಂಕಿನಲ್ಲಿ ಮಡಚಿಟ್ಟ ಮಣ್ಣಿನ ಕಾರ್ಡ್

ಹೋದ ವಾರ ಊರಿಗೆ ಹೋಗಿದ್ದೆ, ಹಾವೇರಿ ಕಡೆಗೆ. ಪಹಣಿ ಹುಡುಕೋಕೆ ಅಂತ ಅಪ್ಪನ ಟ್ರಂಕ್ ತೆಗೆದ್ರೆ ಮಣ್ಣು ಆರೋಗ್ಯ ಕಾರ್ಡ್ ಸಿಕ್ತು. ಕೊಟ್ಟಾಗ ಹೇಗೆ ಮಡಚಿದ್ರೋ ಹಾಗೇ ಇತ್ತು.

ಕೇಂದ್ರ ಸರ್ಕಾರ 2015ರ ಫೆಬ್ರವರಿಯಲ್ಲಿ ಶುರು ಮಾಡಿದ ಯೋಜನೆ ಇದು. ಮಣ್ಣಿನ ರಕ್ತಪರೀಕ್ಷೆ ರಿಪೋರ್ಟ್ ಅಂದ್ಕೊಳ್ಳಿ. ರಸಸಾರ, ಸಾವಯವ ಇಂಗಾಲ, ಸಾರಜನಕ, ಸತು, ಬೋರಾನ್ ಹೀಗೆ 12 ಅಂಶ. ನಮ್ಮದರಲ್ಲಿ ಇಂಗಾಲ ಕಡಿಮೆ, ಸತು ಕಡಿಮೆ.

‘ಅಪ್ಪಾ, ಇದನ್ನ ಓದೀಯೇನು?’ ಅಂದೆ.

‘ಅದು ನಮ್ಮ ಹೊಲದ್ದಲ್ಲೋ ತಮ್ಮಾ. ಮಣ್ಣು ಒಯ್ದದ್ದು ಹಳ್ಳದ ಆ ಕಡಿ ಹೊಲದಾಗಿಂದು.’

ಅಪ್ಪ ಹೇಳಿದ್ದರಲ್ಲಿ ಸುಳ್ಳಿಲ್ಲ. ಆ ಯೋಜನೆಯಲ್ಲಿ ಮಳೆಯಾಶ್ರಿತ ಜಮೀನಿಗೆ 10 ಹೆಕ್ಟೇರಿಗೆ ಒಂದು ಮಾದರಿ, ಅಂದ್ರೆ ಸುಮಾರು 25 ಎಕರೆಗೆ ಒಂದು. ನಮ್ಮದಿರೋದು ಮೂರು ಎಕರೆ. ಯಾರದೋ ರಕ್ತ ತೆಗೆದು ನಿಮಗೆ ಮಾತ್ರೆ ಬರ್ಕೊಟ್ರೆ ನುಂಗ್ತೀರಾ?

ಇನ್ನು ನನ್ನ ಬಿಕಾಂ ತಲೆಗೆ ಹೊಳೆದದ್ದು ಬೆಲೆ. 45 ಕೆಜಿ ಯೂರಿಯಾ ಚೀಲ 270 ರೂಪಾಯಿ ಒಳಗೇ ಸಿಗುತ್ತೆ, 50 ಕೆಜಿ ಡಿಎಪಿಗೆ 1,350. 2010ರಲ್ಲಿ ರಂಜಕ, ಪೊಟ್ಯಾಶ್ ಗೊಬ್ಬರಗಳಿಗೆ ಪೋಷಕಾಂಶ ಆಧಾರಿತ ಸಬ್ಸಿಡಿ ಬಂತು, ಯೂರಿಯಾನ ಮಾತ್ರ ಹೊರಗಿಟ್ರು. ಕಾರ್ಡು ‘ಅಳೆದು ಹಾಕು’ ಅನ್ನುತ್ತೆ, ಅಂಗಡಿ ರೇಟು ‘ಇನ್ನೊಂದು ಚೀಲ ಒಯ್ಯಿ’ ಅನ್ನುತ್ತೆ. ಮಗು ಚಿವುಟಿ ತೊಟ್ಟಿಲು ತೂಗೋ ಕೆಲಸ. ಯೂರಿಯಾ ಹಾಕಿದ ನಾಲ್ಕು ದಿನಕ್ಕೆ ಗೋವಿನಜೋಳ ಹಸಿರಾಗಿ ಕಾಣುತ್ತೆ. ಇಂಗಾಲ ಇಳಿಯೋದು ಯಾರ ಕಣ್ಣಿಗೂ ಕಾಣಲ್ಲ. ಹಾಗಂತ ಬೆಲೆ ಏರಿಸೋದು ಸುಲಭ ಅಂತ ನಾನು ಹೇಳ್ತಿಲ್ಲ. 2008ರಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆಗಿದ್ದು ಇದೇ ಹಾವೇರಿಯಲ್ಲಿ.

ಆದ್ರೆ ಕಾರ್ಡ್ ಬರೋದಕ್ಕೂ ಮುಂಚೆ ನಮ್ಮ ರಾಜ್ಯದಲ್ಲೇ ‘ಭೂಚೇತನ’ ಅಂತ ಒಂದು ಯೋಜನೆ ಇತ್ತು. 2009ರಲ್ಲಿ ಕೃಷಿ ಇಲಾಖೆ ಮತ್ತೆ ಹೈದರಾಬಾದಿನ ಇಕ್ರಿಸ್ಯಾಟ್ ಸೇರಿ ಶುರು ಮಾಡಿದ್ದು. ಮಣ್ಣು ಪರೀಕ್ಷೆ ಮಾಡಿದಾಗ ಗಂಧಕ, ಸತು, ಬೋರಾನ್ ಕೊರತೆ ಬಯಲಾಯ್ತು. ನನಗೆ ಇಷ್ಟವಾದದ್ದು ಅದರ ಮುಂದಿನ ಹೆಜ್ಜೆ. ಊರಿನ ಮಣ್ಣಲ್ಲಿ ಏನಿಲ್ಲ, ಏನು ಹಾಕಬೇಕು ಅನ್ನೋದನ್ನ ಹಳ್ಳಿ ಗೋಡೆ ಮೇಲೆ ಬರೆಸಿದ್ರು. ತಿಳಿಸಿ ಹೇಳೋಕೆ ರೈತ ಅನುವುಗಾರರು ಅಂತ ಸ್ಥಳೀಯರೇ ಇದ್ರು. ಗೋಡೆ ಮೇಲಿದ್ರೆ ಕಟ್ಟೇಲಿ ಕೂತವ್ರು ಜಗಳ ಆದ್ರೂ ಆಡ್ತಾರೆ! ಟ್ರಂಕಲ್ಲಿದ್ರೆ ಇಲಿಗಷ್ಟೇ ಗೊತ್ತು.

ಮರುದಿನ ಬೆಳಿಗ್ಗೆ ಅಪ್ಪನ ಜೊತೆ ಹೊಲಕ್ಕೆ ಹೋದೆ. ಬದು, ಮರದ ನೆರಳು, ತಿಪ್ಪೆ ಬಿಟ್ಟು ಹತ್ತು ಕಡೆ ಆರಿಂಚು ಆಳ ಅಗೆದ್ವಿ. ಎಲ್ಲಾ ಕಲಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡು ಭಾಗ ಚೆಲ್ಲಿ, ಮತ್ತೆ ಹಾಗೇ ಮಾಡ್ತಾ ಅರ್ಧ ಕೆಜಿ ಉಳಿಸಿ ನೆರಳಲ್ಲಿ ಒಣಗಿಸಿದ್ವಿ. ಚೀಲದ ಮೇಲೆ ಸರ್ವೆ ನಂಬರ್ ಬರೆಯೋಕೆ ಹೋದ್ರೆ ಅಪ್ಪ ಪೆನ್ ಕಸ್ಕೊಂಡ್ರು. ‘ತಪ್ಪ ಬರೀತಿ ನೀ, ಕೊಡಿಲ್ಲಿ.’

ಚೀಲ ರೈತ ಸಂಪರ್ಕ ಕೇಂದ್ರಕ್ಕೆ ಕೊಟ್ಟು ಬಂದಿದೀವಿ. ರಿಪೋರ್ಟ್ ಬಂದ ದಿನ ಇಲ್ಲೇ ಓದ್ತೀನಿ.