ಗಡಿ ದಾಟಿದ ‘ಡಿಸ್ಕೊ ದೀವಾನೆ’

ಹಿಂದಿಯಲ್ಲಿ ಜನಪ್ರಿಯ ಹಾಡೆಂದರೆ ಸಿನಿಮಾ ಹಾಡು ಎಂದೇ ಅರ್ಥವಿದ್ದ ಕಾಲವೊಂದಿತ್ತು. ಗಜಲ್ ಇತ್ತು, ಭಜನೆ ಇತ್ತು, ಅವಕ್ಕೆ ತಮ್ಮದೇ ಶ್ರೋತೃವರ್ಗವೂ ಇತ್ತು. ಆದರೆ ಹರೆಯದವರು ಕುಣಿಯುವ ಹಾಡು ಬೆಳ್ಳಿತೆರೆಯ ನಾಯಕ-ನಾಯಕಿಯರ ಮೂಲಕವೇ ಬರಬೇಕಿತ್ತು. 1981ರಲ್ಲಿ ಹೊರಬಂದ ‘ಡಿಸ್ಕೊ ದೀವಾನೆ’ ಈ ಕಟ್ಟಳೆಯನ್ನು ಮುರಿಯಿತು. ಅದರ ಹಿಂದೆ ಕಥೆಯಿರಲಿಲ್ಲ, ತಾರೆಯರಿರಲಿಲ್ಲ. ಇದ್ದದ್ದು ಕರಾಚಿ ಮೂಲದ, ಲಂಡನ್ನಿನಲ್ಲಿ ಬೆಳೆಯುತ್ತಿದ್ದ ನಾಜಿಯಾ ಹಸನ್ ಎಂಬ ಹದಿಹರೆಯದ ಹುಡುಗಿಯ ಕಂಠ ಮತ್ತು ಬೆಂಗಳೂರಿನಲ್ಲಿ ಹುಟ್ಟಿದ ಬಿದ್ದು ಅಪ್ಪಯ್ಯ ಅವರ ಸಂಗೀತ.

ಬಿದ್ದು ಕೊಡವ ಮನೆತನದವರು. ರೇಡಿಯೊ ಸಿಲೋನಿನ ಪಾಪ್ ಹಾಡುಗಳನ್ನು ಕೇಳುತ್ತ ಬೆಳೆದು, ಗೆಳೆಯರೊಡನೆ ‘ಟ್ರೋಜನ್ಸ್’ ಎಂಬ ತಂಡ ಕಟ್ಟಿ, ಅರವತ್ತರ ದಶಕದಲ್ಲಿ ಇಂಗ್ಲೆಂಡಿಗೆ ಹೋದವರು. 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ ಅವರ ನಿರ್ಮಾಣ. ತಟ್ಟೆಯ ಹಿಂಬದಿ ತುಂಬಿಸಲೆಂದು ಅವಸರದಲ್ಲಿ ಮುದ್ರಿಸಿದ ಈ ಹಾಡು ಬ್ರಿಟನ್, ಅಮೆರಿಕ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು! ಹಿಂದಿ ಚಿತ್ರರಂಗ ಡಿಸ್ಕೊ ಬೇಕೆಂದು ಹುಡುಕಿ ಹೊರಟಾಗ ಅದನ್ನು ಬಲ್ಲ ಭಾರತೀಯ ಲಂಡನ್ನಿನಲ್ಲೇ ಇದ್ದ.

ಹುಡುಕಿ ಹೋದವರು ಫಿರೋಜ್ ಖಾನ್. ಅವರ ‘ಕುರ್ಬಾನಿ’ಗೆ ಕಲ್ಯಾಣಜಿ-ಆನಂದಜಿ ಸಂಗೀತವಿದ್ದರೂ ಒಂದು ಹಾಡನ್ನು ಬಿದ್ದು ಅವರಿಂದ ಮಾಡಿಸಿದರು. ಲಂಡನ್ನಿನಲ್ಲಿ ಪರಿಚಯವಾದ ನಾಜಿಯಾಳಿಂದ ಅದನ್ನು ಹಾಡಿಸಿದರು. 1980ರಲ್ಲಿ ಚಿತ್ರ ತೆರೆ ಕಂಡಾಗ ಜೀನತ್ ಅಮಾನ್ ಅಭಿನಯದ ‘ಆಪ್ ಜೈಸಾ ಕೋಯಿ’ ದೇಶದ ಬಾಯಲ್ಲಿತ್ತು. ಮರುವರ್ಷ ಫಿಲ್ಮ್‌ಫೇರ್‌ನ ಅತ್ಯುತ್ತಮ ಹಿನ್ನೆಲೆ ಗಾಯಕಿ ಪ್ರಶಸ್ತಿ ಈ ಬಾಲಕಿಗೆ ಸಂದಿತು.

ಈ ಕಂಠದಲ್ಲಿ ಏನಿತ್ತು? ಲತಾ, ಆಶಾ ಅವರ ಪಕ್ಕದಲ್ಲಿಟ್ಟು ನೋಡಿದರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಗಮಕವಿಲ್ಲ, ವಿಸ್ತಾರವಿಲ್ಲ, ಸ್ವಲ್ಪ ಮೂಗಿನ ಸ್ವರ. ಆದರೆ ಅದು ನಾಯಕಿಗಾಗಿ ಹಾಡುವ ಗಾಯಕಿಯ ದನಿಯಲ್ಲ, ತನಗಾಗಿ ಗುನುಗಿಕೊಳ್ಳುವ ಹುಡುಗಿಯ ದನಿ. ಹದಿನಾರರ ಪಾತ್ರಕ್ಕೆ ನಲವತ್ತು ದಾಟಿದವರು ಹಾಡುವುದೇ ಸಹಜವೆನಿಸಿದ್ದ ಕಿವಿಗಳಿಗೆ ಇದು ಹೊಸತು. ಧ್ವನಿಮುದ್ರಣದ ರೀತಿಯೂ ಬೇರೆ. ಮುಂಬಯಿಯ ಸ್ಟುಡಿಯೊಗಳಲ್ಲಿ ದೊಡ್ಡ ವಾದ್ಯವೃಂದ ಮತ್ತು ಗಾಯಕರು ಸಾಮಾನ್ಯವಾಗಿ ಒಟ್ಟಿಗೇ ಕೂತು ಮುದ್ರಿಸುತ್ತಿದ್ದರು. ಲಂಡನ್ನಿನಲ್ಲಿ ಡ್ರಮ್ಮು, ಬಾಸ್ ಗಿಟಾರು, ಕಂಠ ಎಲ್ಲವನ್ನೂ ಟೇಪಿನ ಬೇರೆ ಬೇರೆ ಟ್ರ್ಯಾಕ್‌ಗಳಲ್ಲಿ ಹಿಡಿದು ಆಮೇಲೆ ಹೆಣೆಯುತ್ತಿದ್ದರು. ಒಂದೇ ಸಾಲನ್ನು ಎರಡು ಸಲ ಹಾಡಿಸಿ ಒಂದರ ಮೇಲೊಂದು ಕೂರಿಸಿದರೆ ತೆಳು ದನಿಯೂ ತುಂಬಿಕೊಳ್ಳುತ್ತದೆ. ಕೆಳಗೆ ಡಿಸ್ಕೊದ ನಾಲ್ಕೇಟಿನ ತಾಳ, ಪ್ರತಿ ಏಟಿಗೂ ದೊಡ್ಡ ಡ್ರಮ್ಮಿನ ಗುದ್ದು. ತಾಳಜ್ಞಾನವಿಲ್ಲದವನ ಕಾಲೂ ತಪ್ಪುವಂತಿಲ್ಲ.

ಒಂದು ವಿಚಿತ್ರವನ್ನು ಗಮನಿಸಬೇಕು. ಆ ಹೊತ್ತಿಗೆ ಅಮೆರಿಕದಲ್ಲಿ ಡಿಸ್ಕೊಗೆ ಇಳಿಗಾಲ. 1979ರ ಜುಲೈನಲ್ಲಿ ಷಿಕಾಗೊದ ಬೇಸ್‌ಬಾಲ್ ಮೈದಾನವೊಂದರಲ್ಲಿ ಡಿಸ್ಕೊ ತಟ್ಟೆಗಳನ್ನು ರಾಶಿ ಹಾಕಿ ಸಿಡಿಸಿದ್ದರು. ಅಲ್ಲಿ ಹಳಸಿದ್ದು ಇಲ್ಲಿ ಹಬ್ಬವಾಯಿತು.

‘ಕುರ್ಬಾನಿ’ಯ ಯಶಸ್ಸಿನ ಬೆನ್ನಿಗೇ ಬಿದ್ದು ಚಿತ್ರದ ಹಂಗಿಲ್ಲದ ಪೂರ್ಣ ಆಲ್ಬಂ ಒಂದನ್ನು ಮಾಡಿದರು. ನಾಜಿಯಾಳ ತಮ್ಮ ಜೊಹೇಬ್ ಕೂಡ ಜೊತೆಗೆ ಹಾಡಿದ. ಎಚ್.ಎಂ.ವಿ. ತಂದ ತಟ್ಟೆ ಮತ್ತು ಧ್ವನಿಸುರುಳಿಗಳು ಭಾರತ, ಪಾಕಿಸ್ತಾನ ಎರಡೂ ಕಡೆ ಭರ್ಜರಿಯಾಗಿ ಮಾರಾಟವಾದವು. ಇದು ಸಣ್ಣ ಸಂಗತಿಯಲ್ಲ. 1965ರ ಯುದ್ಧದ ನಂತರ ಪಾಕಿಸ್ತಾನದ ಚಿತ್ರಮಂದಿರಗಳು ಭಾರತದ ಚಿತ್ರಗಳಿಗೆ ಮುಚ್ಚಿದ್ದವು. 1981ರಲ್ಲಿ ಅಲ್ಲಿ ಜನರಲ್ ಜಿಯಾ ಉಲ್ ಹಕ್ ಅವರ ಮಡಿವಂತ ಸೈನಿಕ ಆಡಳಿತ. ಸಿನಿಮಾ ರೀಲಿಗೆ ಬೇಕಾದ ರಹದಾರಿ, ಜೇಬಿನಲ್ಲಿ ಹಿಡಿಯುವ ಧ್ವನಿಸುರುಳಿಗೆ ಬೇಕಿರಲಿಲ್ಲ. ಕರಾಚಿಯ ಹುಡುಗಿ, ಬೆಂಗಳೂರಿನ ಸಂಗೀತಗಾರ, ನಡುವೆ ಲಂಡನ್ನು: ಎರಡೂ ದೇಶಗಳಿಗೆ ಇದು ನಮ್ಮದೇ ಎನ್ನಿಸಿತು.

ಆದರೆ ನಾಜಿಯಾ ಗಾಯನವನ್ನೇ ವೃತ್ತಿಯೆಂದು ಹಿಡಿಯಲಿಲ್ಲ. ‘ಸ್ಟಾರ್’, ‘ಯಂಗ್ ತರಂಗ್’, ‘ಹಾಟ್‌ಲೈನ್’ ಬಂದವು. 1992ರ ‘ಕ್ಯಾಮರಾ ಕ್ಯಾಮರಾ’ ಕೊನೆಯದು. ಕಾನೂನು ಓದಿದ ಆಕೆ ನ್ಯೂಯಾರ್ಕಿನಲ್ಲಿ ವಿಶ್ವಸಂಸ್ಥೆಯಲ್ಲಿ ಕೆಲಸ ಮಾಡಿದರು. 1995ರಲ್ಲಿ ಬಿದ್ದು ಅವರೇ ಅಲಿಷಾ ಚಿನಾಯ್‌ಗಾಗಿ ‘ಮೇಡ್ ಇನ್ ಇಂಡಿಯಾ’ ಮಾಡಿದಾಗ ಉಪಗ್ರಹ ವಾಹಿನಿಗಳು ಬಂದಿದ್ದವು, ಸಿನಿಮೇತರ ಪಾಪ್ ಒಂದು ಉದ್ಯಮವೇ ಆಗಿತ್ತು. ಆ ಫಸಲಿನಲ್ಲಿ ನಾಜಿಯಾಗೆ ಪಾಲಿರಲಿಲ್ಲ. 2000ದ ಆಗಸ್ಟ್ 13ರಂದು ಶ್ವಾಸಕೋಶದ ಕ್ಯಾನ್ಸರಿನಿಂದ ಲಂಡನ್ನಿನಲ್ಲಿ ತೀರಿಕೊಂಡಾಗ ಅವರಿಗೆ 35 ವರ್ಷ.

2012ರ ‘ಸ್ಟೂಡೆಂಟ್ ಆಫ್ ದಿ ಇಯರ್’ ಚಿತ್ರದಲ್ಲಿ ‘ಡಿಸ್ಕೊ ದೀವಾನೆ’ಯನ್ನು ಹೊಸ ಗಾಯಕರಿಂದ ಮತ್ತೆ ಹಾಡಿಸಿದರು. ನಡುವೆ ನಾಜಿಯಾಳ ಹಳೆಯ ಕಂಠವನ್ನೂ ಉಳಿಸಿಕೊಂಡರು. ಸಿನಿಮಾದ ಹೊರಗೆ ಹುಟ್ಟಿದ ಹಾಡು ಹೀಗೆ ಮೂವತ್ತೊಂದು ವರ್ಷಗಳ ಮೇಲೆ ಸಿನಿಮಾದೊಳಕ್ಕೆ ಬಂತು.