ಸಹಿ ಹಾಕಿದವರು ಯಾರು?



ವಿದ್ಯಾರ್ಥಿಗಳು ವಾರವಿಡೀ ನಿದ್ದೆಗೆಟ್ಟು ಸಿದ್ಧಪಡಿಸಿದ ಈ ಪ್ರದರ್ಶನದ ಉದ್ಘಾಟನೆಗೆ ಮೊದಲು ಯಾರೂ ಒಳಗೆ ಹೋಗಬಾರದಂತೆ. ನಾನು ಬೆಳಗ್ಗೆಯೇ ಕಳ್ಳನ ಹಾಗೆ ನುಗ್ಗಿ ಎಲ್ಲ ನೋಡಿಬಂದೆ. ಮೂರನೇ ಮೇಜಿನ ಮೇಲೆ ಒಂದು ತಟ್ಟೆಯಲ್ಲಿ ಮಿದುಳು ಇಟ್ಟಿದ್ದಾರೆ. ಫಾರ್ಮಲಿನ್‌ನಲ್ಲಿ ನೆಂದು ಬೇಯಿಸಿದ ಹೂಕೋಸಿನ ಬಣ್ಣಕ್ಕೆ ತಿರುಗಿದೆ, ಒತ್ತಿದರೆ ರಬ್ಬರು. ಜೀವಂತ ಮಿದುಳು ಹಾಗಿರುವುದಿಲ್ಲ. ಆಪರೇಷನ್ ದೀಪದಡಿ ನಸುಗೆಂಪಾಗಿ, ಗಿಣ್ಣಿನಷ್ಟು ಮೆತ್ತಗೆ, ನಾಡಿಯ ಜೊತೆ ಮೆಲ್ಲಗೆ ಏರಿಳಿಯುತ್ತಿರುತ್ತದೆ. ನಿವೃತ್ತಿಯಾಗುವ ದಿನದವರೆಗೂ ಅದನ್ನು ಕಂಡಾಗ ನನ್ನ ಕೈ ಒಂದು ಕ್ಷಣ ತಡೆಯುತ್ತಿತ್ತು.

ಕಿಡ್ನಿ ಆಪರೇಷನ್ನಿಗೆ ಸಹಿ ಹಾಕಿ ಒಳಗೆ ಹೋದವರು ಹೊರಗೆ ಬಂದ ಮೇಲೂ ಅವರೇ. ತಲೆಯ ಆಪರೇಷನ್ನಿನಲ್ಲಿ ಹಾಗೆ ಹೇಳಲಾಗದು. ಒಪ್ಪಿಗೆ ಕೊಡುವುದು ಮಿದುಳು, ಚಾಕು ಹೋಗುವುದೂ ಅದೇ ಮಿದುಳಿಗೆ.

ವಿದ್ಯಾರ್ಥಿಗಳೇ, ಎರಡನೇ ಮೇಜಿನಲ್ಲಿ ಲೋಬೋಟಮಿಯ, ಅಂದರೆ ಮಾನಸಿಕ ಕಾಯಿಲೆಗೆಂದು ಮಿದುಳಿನ ಮುಂಭಾಗದ ನಂಟು ಕತ್ತರಿಸುವ ಆಪರೇಷನ್ನಿನ, ಕಥೆ ಬರೆದಿದ್ದೀರಿ. 1935ರಲ್ಲಿ ಲಿಸ್ಬನ್‌ನಲ್ಲಿ ಎಗಾಸ್ ಮೊನಿಜ್ ಶುರು ಮಾಡಿದ್ದು, 1949ರಲ್ಲಿ ಅದಕ್ಕೆ ನೊಬೆಲ್ ಬಂದಿದ್ದು, ಅಮೆರಿಕದಲ್ಲಿ ವಾಲ್ಟರ್ ಫ್ರೀಮನ್ ಕಣ್ಣುಗುಳಿಯ ಮೇಲಿನಿಂದ ಸಲಾಕೆ ಹೊಡೆದಿದ್ದು, ಎಲ್ಲ ಇದೆ. ಓದಿದರೆ ಇದೆಲ್ಲ ಎಲ್ಲೋ ದೂರದ ಬಿಳಿಯರ ತಪ್ಪು ಅನಿಸುತ್ತದೆ. ದಯವಿಟ್ಟು ಒಂದು ಫಲಕ ಸೇರಿಸಿ: ನಮ್ಮ ಬೆಂಗಳೂರು. ಇವತ್ತಿನ ನಿಮ್ಹಾನ್ಸ್ ಅಂದು ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆ. ಅಲ್ಲಿ ಡಾ. ಎಂ.ವಿ. ಗೋವಿಂದಸ್ವಾಮಿಯವರೂ ಸರ್ಜನ್ ಬಾಲಕೃಷ್ಣ ರಾವ್ ಅವರೂ ಇದೇ ಶಸ್ತ್ರಚಿಕಿತ್ಸೆ ಮಾಡಿ 1944ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಗೋವಿಂದಸ್ವಾಮಿ ಕ್ರೂರಿಯಲ್ಲ; ಭಾರತೀಯ ದರ್ಶನಗಳನ್ನು ಓದಿಕೊಂಡಿದ್ದ ವಿದ್ವಾಂಸ, ನಮ್ಮಲ್ಲಿ ಮನೋವೈದ್ಯಕ್ಕೆ ತಳಪಾಯ ಹಾಕಿದವರು. ನನಗೆ ಹೆದರಿಕೆಯಾಗುವುದು ಅದಕ್ಕೇ. ಕೆಟ್ಟವರು ಮಾಡಿದ್ದಾಗಿದ್ದರೆ ನಾವು ಆರಾಮಾಗಿ ಇರಬಹುದಿತ್ತು.

ಈಗ ಕಾನೂನಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ, ಮಾನಸಿಕ ಕಾಯಿಲೆಗೆಂದು ಮಿದುಳಿನ ಆಪರೇಷನ್ ಮಾಡಬೇಕಾದರೆ ರೋಗಿಯೇ ತಿಳಿದು ಒಪ್ಪಬೇಕು. ಅದರ ಮೇಲೆ ಆ ಕಾಯ್ದೆಯಡಿ ರಚಿಸಿದ ಮಂಡಳಿಯ ಅನುಮತಿಯೂ ಬೇಕು. ಒಳ್ಳೆಯದೇ. ಆದರೆ ನಡುಕದ ಕಾಯಿಲೆ, ಅಂದರೆ ಪಾರ್ಕಿನ್ಸನ್, ಮಾನಸಿಕ ಕಾಯಿಲೆಯಲ್ಲ. ಅದರ ಆಪರೇಷನ್ ಈ ಬೇಲಿಯ ಆಚೆಗಿದೆ.

ಅಲ್ಲಿಂದಲೇ ಒಂದು ಕಥೆ. 1987ರಲ್ಲಿ ಫ್ರಾನ್ಸಿನ ಗ್ರೆನೋಬ್ಲ್‌ನಲ್ಲಿ ಬೆನಬಿದ್ ಎಂಬ ವೈದ್ಯರು ನಡುಕ ತಡೆಯಲು ಹೊಸ ದಾರಿ ತೋರಿಸಿದರು: ಮಿದುಳಿನ ಆಳಕ್ಕೆ ತೆಳ್ಳನೆಯ ತಂತಿ ಇಳಿಸಿ, ಸಣ್ಣ ಕರೆಂಟು ಹರಿಸುತ್ತಲೇ ಇರುವುದು. ಬ್ಯಾಟರಿ ಕತ್ತಿನ ಕೆಳಗೆ ಚರ್ಮದೊಳಗೆ ಇರುತ್ತದೆ. ಕರೆಂಟನ್ನು ನಾವು ಹೊರಗಿನಿಂದ ಹೆಚ್ಚು ಕಡಿಮೆ ಮಾಡಬಹುದು. ನನ್ನ ಬಳಿ ಬಂದಿದ್ದ ಒಬ್ಬ ರೈತರಿಗೆ ಇದನ್ನು ಹಾಕಿದೆವು. ಅನ್ನ ಕಲಸಲಾಗದಿದ್ದವರು ಮೂರೇ ತಿಂಗಳಲ್ಲಿ ಸೈಕಲ್ ಹತ್ತಿದರು. ಆಮೇಲೆ ಒಂದು ದಿನ ಅವರ ಹೆಂಡತಿ ಸೆರಗಿನ ತುದಿ ಸುತ್ತಿಕೊಳ್ಳುತ್ತ ಬಂದು ಕೂತರು.

“ಒಂದೇ ಸಂತೇಲಿ ನಾಕು ಎಮ್ಮೆ ತಂದವ್ರೆ ಸಾರ್. ಬೀಡಿಗೆ ಎರಡು ರೂಪಾಯಿ ಲೆಕ್ಕ ಹಾಕ್ತಿದ್ದ ಮನುಷ್ಯ. ರಾತ್ರಿ ನಿದ್ದೆ ಇಲ್ಲ, ಹಾಡು. ಒಂಚೂರು ಕಮ್ಮಿ ಮಾಡಿ.”

ಗಂಡನನ್ನು ಕರೆದು ಕೇಳಿದೆ. ಆತ ನಕ್ಕುಬಿಟ್ಟರು. “ಈಗ್ಲೇ ನಾನು ನಾನಾಗಿರೋದು. ಮೊದ್ಲು ಇದ್ದೋನು ಹೆದರುಪುಕ್ಕಲ. ಮುಟ್ಟಬೇಡಿ.”

ಯಾರನ್ನು ಕೇಳಬೇಕಿತ್ತು ನಾನು? ಆಪರೇಷನ್ನಿಗೆ ಸಹಿ ಹಾಕಿದ ಜುಗ್ಗ ಮನುಷ್ಯನನ್ನೋ, ಎದುರಿಗೆ ಕೂತು ನಗುತ್ತಿದ್ದ ಈ ಉದಾರಿಯನ್ನೋ? ನಾಲ್ಕು ಭೇಟಿ ಮಾತಾಡಿಸಿ, ಕೊನೆಗೆ ಅವರು ಅರೆಮನಸ್ಸಿನಿಂದ ಹೂಂ ಅಂದ ಮೇಲೆ ಕರೆಂಟು ತಗ್ಗಿಸಿದೆ. ಎಮ್ಮೆ ವ್ಯಾಪಾರ ನಿಂತಿತು. ಎಡಗೈಗೆ ನಡುಕ ಒಂಚೂರು ವಾಪಸು ಬಂತು. ಆ ಹೂಂ ನಿಜವಾದದ್ದೋ, ಡಾಕ್ಟರಿಗೆ ಬೇಸರವಾಗದಿರಲೆಂದು ಅಂದದ್ದೋ, ಇವತ್ತಿಗೂ ಗೊತ್ತಿಲ್ಲ.

ಅಮೆರಿಕದ ಹೆನ್ರಿ ಮೊಲೈಸನ್ ಕಥೆ ಇನ್ನೂ ವಿಚಿತ್ರ. 1953ರಲ್ಲಿ, 27ರ ವಯಸ್ಸಿನಲ್ಲಿ, ಫಿಟ್ಸ್ ನಿಲ್ಲಲೆಂದು ಅವರ ಮಿದುಳಿನ ಎರಡೂ ಬದಿಯಿಂದ ಹಿಪೊಕ್ಯಾಂಪಸ್ ಭಾಗವನ್ನು ತೆಗೆದರು. ಫಿಟ್ಸ್ ಕಡಿಮೆಯಾಯಿತು, ಹೊಸ ನೆನಪು ಉಳಿಯುವುದು ನಿಂತೇಹೋಯಿತು. 2008ರಲ್ಲಿ ಸಾಯುವವರೆಗೂ ಹಾಗೇ. ನೆನಪಿನ ಬಗ್ಗೆ ನಮಗೆ ತಿಳಿದಿರುವ ಎಷ್ಟೋ ಸಂಗತಿ ಅವರ ಮೇಲೆ ನಡೆದ ಪರೀಕ್ಷೆಗಳಿಂದ ಬಂದದ್ದು. ಒಪ್ಪುತ್ತೀರಾ ಎಂದರೆ ಒಪ್ಪುತ್ತಿದ್ದರು, ಸ್ವಲ್ಪ ಹೊತ್ತಿಗೆ ಒಪ್ಪಿದ್ದೇ ಮರೆತಿರುತ್ತಿತ್ತು. ನಾವು ವೈದ್ಯರೆಲ್ಲ ಅವರಿಂದ ಕಲಿತದ್ದರ ಮೇಲೆ ಪರೀಕ್ಷೆ ಬರೆದು ಪಾಸಾದವರು.

ಆರನೇ ಮೇಜಿನಲ್ಲಿ ಆಸ್ಪತ್ರೆಯ ಒಪ್ಪಿಗೆ ಪತ್ರದ ಮಾದರಿ ಇದೆ, ಇಂಗ್ಲಿಷಿನಲ್ಲಿ. ಅಂಥ ಹಾಳೆಯ ಮೇಲೆ ಎಷ್ಟು ಹೆಬ್ಬೆಟ್ಟು ಒತ್ತಿಸಿದ್ದೇನೋ, ಲೆಕ್ಕವಿಟ್ಟಿಲ್ಲ. ಪ್ರದರ್ಶನ ಮುಗಿಯುವ ಮೊದಲು ಅದನ್ನು ನಿಮ್ಮ ಅಜ್ಜಿಗೆ ಅರ್ಥವಾಗುವ ಕನ್ನಡಕ್ಕೆ ತನ್ನಿ. ಕೊನೆಯಲ್ಲಿ ಒಂದು ಸಾಲು ಖಾಲಿ ಬಿಡಿ: “ಆಪರೇಷನ್ ಆದ ಮೇಲೆ ನಾನು ಬೇರೆಯವನಂತೆ ಆಡಿದರೆ, ಇವರ ಮಾತು ಕೇಳಿ.” ಆ ರೈತರ ಬಳಿ ಅದನ್ನು ಮೊದಲೇ ಕೇಳಿಟ್ಟುಕೊಂಡಿದ್ದರೆ ಹೆಂಡತಿಯ ಹೆಸರು ಬರೆಸುತ್ತಿದ್ದರೋ, ಇಲ್ಲವೋ. ಕೇಳಿದೆನೆಂಬ ಸಮಾಧಾನವಾದರೂ ಇರುತ್ತಿತ್ತು.

ಕತ್ತರಿ ತಂದಿದ್ದೀರಲ್ಲ? ಬನ್ನಿ, ಟೇಪು ಕತ್ತರಿಸೋಣ. ಮೂರನೇ ಮೇಜಿನ ಪಕ್ಕ ಕೈಗವಸು ಇದೆ, ಮಕ್ಕಳು ಮಿದುಳನ್ನು ಮುಟ್ಟಿ ನೋಡಬಹುದು. ಎರಡೂ ಕೈಯಲ್ಲಿ ಹಿಡಿಯಿರಿ, ಕಿಲೋಗಿಂತ ಜಾಸ್ತಿ ಭಾರ, ಜಾರುತ್ತದೆ. ಅದನ್ನು ಕೊಡುವುದಕ್ಕೂ ಯಾರೋ ಒಬ್ಬರು ಸಹಿ ಹಾಕಿದ್ದಾರೆ.