ಜೀಪಿನೊಳಗೊಂದು ಹಳೆಯ ಬಾನುಲಿ

ಪೀಣ್ಯದ ಕೈಗಾರಿಕಾ ಪ್ರದೇಶದಲ್ಲಿ ವಾರವಿಡೀ ಲೇತಿನ ಮುಂದೆ ದುಡಿದು, ಭಾನುವಾರ ಬಂದೊಡನೆ ಹಳೆಯ ಜೀಪಿನ ಅಡಿಯಲ್ಲಿ ಮಲಗುವ ತರುಣರಿದ್ದಾರೆ. ಇದು ದುಡಿಮೆಯಲ್ಲ, ಹವ್ಯಾಸ. ಬಣ್ಣ, ಗಾಲಿ, ಎಂಜಿನ್ ಎಲ್ಲವೂ ಸರಿಹೋದ ಮೇಲೆ ಇವರಲ್ಲಿ ಕೆಲವರಿಗೆ ಇನ್ನೊಂದು ಆಸೆ ಹುಟ್ಟುತ್ತದೆ: ಜೀಪಿನಲ್ಲಿ ಅದರ ಕಾಲದ್ದೇ ಆದ ಸೈನಿಕ ಬಾನುಲಿಯೊಂದನ್ನು ಕೂಡಿಸಬೇಕು, ಅದು ಮಾತನಾಡಬೇಕು. ಅಂಥ ಸೆಟ್ಟು ಎಲ್ಲಿ ಸಿಗುತ್ತದೆ ಎಂಬುದೇ ಅವರ ಮೊದಲ ಪ್ರಶ್ನೆ. ಸಿಕ್ಕಿದ ಮೇಲೆ ಅದಕ್ಕೆ ಏನು ಮಾಡಬಾರದು ಎಂಬುದು ಅದಕ್ಕಿಂತ ಮುಖ್ಯವಾದ ಪ್ರಶ್ನೆ ಎಂದು ನನಗೆ ತೋರುತ್ತದೆ.

ಕನ್ನಡದ ಮೇಷ್ಟರಿಗೆ ಈ ವಿಷಯದಲ್ಲೇನು ಕೆಲಸವೆಂದು ಕೇಳುಗರು ಕೇಳಬಹುದು. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ 30 ವ್ಯಾಟಿನ ಪುಟ್ಟ ಪ್ರೇಷಕವನ್ನಿಟ್ಟು ಬಾನುಲಿ ನಿಲಯ ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರದ ಅಧ್ಯಾಪಕರಾಗಿದ್ದರು. ನಮ್ಮ ನಾಡಿನಲ್ಲಿ ಮೇಷ್ಟರಿಗೂ ಬಾನುಲಿಗೂ ಇರುವ ನಂಟು ಹೊಸದಲ್ಲ.

ಪೀಣ್ಯದಿಂದ ಕೂಗಳತೆಯಲ್ಲಿ ಜಾಲಹಳ್ಳಿಯಿದೆ. ಸೈನ್ಯದ ಎಲೆಕ್ಟ್ರಾನಿಕ್ ಅಗತ್ಯಗಳಿಗಾಗಿ ಫ್ರಾನ್ಸಿನ ಸಂಸ್ಥೆಯೊಂದರ ಸಹಯೋಗದಿಂದ ಭಾರತ್ ಎಲೆಕ್ಟ್ರಾನಿಕ್ಸ್ 1954ರಲ್ಲಿ ಸ್ಥಾಪನೆಯಾದದ್ದು ಅಲ್ಲಿ. 1961ರಲ್ಲಿ ಅದು ಬಾನುಲಿಯ ವಾಲ್ವುಗಳನ್ನು ತಯಾರಿಸತೊಡಗಿತು. 1964ರಲ್ಲಿ ಆಕಾಶವಾಣಿಗೆ ಬೇಕಾದ ಪ್ರೇಷಕಗಳ ತಯಾರಿಕೆಯನ್ನೂ ಕೈಗೊಂಡಿತು. ಅದಕ್ಕೆ ಮುಂಚೆ ನಮ್ಮ ಸೈನ್ಯದ ಕೈಯಲ್ಲಿದ್ದವು ಎರಡನೆಯ ಮಹಾಯುದ್ಧ ಬಿಟ್ಟುಹೋದ ಸೆಟ್ಟುಗಳು. ಅವುಗಳಲ್ಲಿ ಹೆಸರಾದದ್ದು ‘ನಂಬರ್ 19’. ಟ್ಯಾಂಕುಗಳಿಗೆಂದು ಬ್ರಿಟನ್ನಿನಲ್ಲಿ ರೂಪುಗೊಂಡ ಇದನ್ನು ಕೆನಡಾ ಮತ್ತು ಅಮೆರಿಕಗಳೂ ತಯಾರಿಸಿದವು. ಕೆಲವು ಸೆಟ್ಟುಗಳ ಮುಖಫಲಕದ ಮೇಲೆ ಇಂಗ್ಲಿಷಿನ ಪಕ್ಕದಲ್ಲೇ ರಷ್ಯನ್ ಅಕ್ಷರಗಳಿವೆ. ಸೋವಿಯತ್ ಸೈನಿಕರಿಗೂ ಇವನ್ನು ಕಳುಹಿಸುತ್ತಿದ್ದರು. ಎರಡು ಲಿಪಿಗಳನ್ನು ಹೊತ್ತ ಆ ಫಲಕ ಶಾಸನಕ್ಕೆ ಕಡಮೆಯಾದ ದಾಖಲೆಯಲ್ಲ.

ಈಗ ಕಾಯಿದೆಯ ಮಾತು. ಹಳೆಯದೆಂಬ ಕಾರಣಕ್ಕೆ ಪ್ರೇಷಕವು ಆಟದ ಸಾಮಾನಾಗುವುದಿಲ್ಲ. ಪ್ರಸಾರ ಮಾಡುವವನಿಗೆ ಹವ್ಯಾಸಿ ಬಾನುಲಿಯ ಪರವಾನಗಿ ಇರಲೇಬೇಕು. 1978ರಲ್ಲಿ ರೂಪುಗೊಂಡ, ಆಮೇಲೆ ತಿದ್ದುಪಡಿಗಳನ್ನು ಕಂಡ ನಿಯಮಗಳು ಅದಕ್ಕೆ ಪರೀಕ್ಷೆಯ ದಾರಿಯನ್ನು ಹಾಕಿಕೊಟ್ಟವು. ಬೆಂಗಳೂರಿನಲ್ಲಿ ಹವ್ಯಾಸಿಗಳ ಕ್ಲಬ್ಬಿದೆ. ಅಲ್ಲಿನ ಹಿರಿಯರನ್ನು ಕಂಡರೆ ಅರ್ಧ ಕೆಲಸ ಮುಗಿದಂತೆ. ಸೆಟ್ಟನ್ನು ಇಟ್ಟುಕೊಳ್ಳಲು ಏನು ಕಾಗದಪತ್ರ ಬೇಕು, ವಾಹನದಿಂದ ಪ್ರಸಾರ ಮಾಡಲು ಬೇರೆ ಅನುಮತಿ ಬೇಕೆ ಎಂಬುದನ್ನು ಕೊಳ್ಳುವ ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಇನ್ನೊಂದು ಎಚ್ಚರಿಕೆ: ಸೈನ್ಯದ ಬಾನುಲಿ ಬಂತೆಂದು ಜೀಪಿಗೆ ಸೈನ್ಯದ ಆಲಿವ್ ಹಸಿರನ್ನು ಬಳಿಯಬೇಡಿ. ಮೋಟಾರು ವಾಹನ ನಿಯಮಗಳು ಆ ಬಣ್ಣವನ್ನು ರಕ್ಷಣಾ ಇಲಾಖೆಯ ವಾಹನಗಳಿಗೆ ಮಾತ್ರ ಮೀಸಲಿಟ್ಟಿವೆ.

ನಂಬರ್ 19ರ ಮುಖ್ಯ ಭಾಗ 2ರಿಂದ 8 ಮೆಗಾಹರ್ಟ್ಸ್‌ವರೆಗೆ ಕೆಲಸ ಮಾಡುತ್ತದೆ. ಹವ್ಯಾಸಿಗಳ 7 ಮೆಗಾಹರ್ಟ್ಸ್ ಪಟ್ಟಿ ಅದರೊಳಗೇ ಬರುವುದು ನಮ್ಮ ಅದೃಷ್ಟ. ಹತ್ತಿರದ ಟ್ಯಾಂಕುಗಳ ಮಾತಿಗೆಂದಿದ್ದ ಎರಡನೆಯ ಭಾಗ 235 ಮೆಗಾಹರ್ಟ್ಸ್ ಆಸುಪಾಸಿನದು. ಅದು ಹವ್ಯಾಸಿಗಳ ಪಾಲಿನದಲ್ಲ, ಮೌನವಾಗಿಯೇ ಇರಲಿ.

ಸೆಟ್ಟು ಮನೆಗೆ ಬಂದ ದಿನವೇ ಬ್ಯಾಟರಿಗೆ ಜೋಡಿಸುವ ಆತುರ ಎಲ್ಲರಿಗೂ ಇರುತ್ತದೆ. ಅದೇ ಅಪಾಯ. ಒಳಗಿನ ಕಾಗದದ ಕಂಡೆನ್ಸರುಗಳು ಎಂಬತ್ತು ವರ್ಷಗಳಲ್ಲಿ ತೇವ ಹೀರಿ ಕೆಟ್ಟಿರುತ್ತವೆ. ಒಂದು ಕೈಕೊಟ್ಟರೆ ಮತ್ತೆ ಸಿಗದ ಸುರುಳಿಯೊಂದು ಸುಟ್ಟುಹೋಗುತ್ತದೆ. ಬ್ಯಾಟರಿಯ 12 ವೋಲ್ಟನ್ನು ತಿರುಗಿಸಿ ಹೆಚ್ಚಿಸುವ ಯಂತ್ರದಿಂದ ಪ್ರೇಷಕಕ್ಕೆ ಸುಮಾರು 500 ವೋಲ್ಟ್ ಹೋಗುತ್ತದೆ. ಅದು ಮನುಷ್ಯನನ್ನು ಕೊಲ್ಲಬಲ್ಲದು. ಸ್ವಿಚ್ಚು ಆರಿಸಿದ ಮೇಲೂ ಕಂಡೆನ್ಸರುಗಳಲ್ಲಿ ಉಳಿದಿರಬಲ್ಲದು. ಒಂದು ಕೈಯನ್ನು ಜೇಬಿನಲ್ಲಿಟ್ಟುಕೊಂಡೇ ಒಳಗೆ ಕೈಹಾಕುವುದು ಹಳಬರ ರೂಢಿ. ಎರಡು ಕೈಗಳ ನಡುವೆ ಹರಿಯುವ ವಿದ್ಯುತ್ತು ಎದೆಯನ್ನು ಹಾಯುತ್ತದೆ. ಕತ್ತಲಲ್ಲಿ ಹೊಳೆಯಲೆಂದು ಆ ಕಾಲದ ಕೆಲವು ಉಪಕರಣಗಳ ಮುಖಕ್ಕೆ ರೇಡಿಯಮ್ ಬಣ್ಣ ಬಳಿಯುತ್ತಿದ್ದರು, ಅದನ್ನು ಕೆರೆಯಬಾರದು.

ವಾಹನವನ್ನೂ ವಿಚಾರಿಸಿಕೊಳ್ಳಬೇಕು. ಯುದ್ಧಕಾಲದ ಮೂಲ ಜೀಪಿನ ವಿದ್ಯುತ್ತು 6 ವೋಲ್ಟಿನದು. ನಮ್ಮಲ್ಲಿ ಈಗ ಓಡುವ ಜೀಪುಗಳಲ್ಲಿ ಹೆಚ್ಚಿನವು 12 ವೋಲ್ಟಿನವು. ಹಾಗಿದ್ದರೂ ಬಾನುಲಿಗೆ ಪ್ರತ್ಯೇಕ ಬ್ಯಾಟರಿಯೇ ಮೇಲು. ಇಲ್ಲವಾದರೆ ಮಾತು ಮುಗಿದ ಮೇಲೆ ಜೀಪನ್ನು ತಳ್ಳಬೇಕಾದೀತು. ಪೆಟ್ರೋಲ್ ಎಂಜಿನ್ನಿನ ಕಿಡಿ ಪಟಪಟನೆ ಬಾನುಲಿಯಲ್ಲಿ ಕೇಳಿಸುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಹಳೆಯ ಜೀಪಿಗೆ ಡೀಸೆಲ್ ಎಂಜಿನ್ ಕೂಡಿಸಿದವರನ್ನು ಮೂಗುಮುರಿದು ನೋಡುವವರು ಇಷ್ಟನ್ನಾದರೂ ಒಪ್ಪಬೇಕು.

ನನಗೆ ಚಿಂತೆಯಾಗುವುದು ಇನ್ನೊಂದು ವಿಷಯದಲ್ಲಿ. ಯುದ್ಧ ಮುಗಿದ ಮೇಲೆ ಈ ಸೆಟ್ಟುಗಳು ಹಲವು ದೇಶಗಳಲ್ಲಿ ಅಗ್ಗಕ್ಕೆ ಮಾರಾಟವಾದವು. ಹವ್ಯಾಸಿಗಳು ಬಿಡಿಭಾಗಗಳಿಗಾಗಿ ಅವನ್ನು ಬಿಚ್ಚಿದರು. ಗುಜರಿಯವರು ತಾಮ್ರಕ್ಕಾಗಿ ಒಡೆದರು. ಅವರನ್ನು ದೂರಲಾರೆ, ಆಗ ಅವು ರಾಶಿ ರಾಶಿಯಾಗಿದ್ದವು. ಈಗ ಉಳಿದಿರುವುದು ಕೆಲವೇ. ಇದನ್ನರಿತೂ ಪರಿಚಯದ ತರುಣನೊಬ್ಬ, ಒಳಗಿನದನ್ನೆಲ್ಲ ಕಿತ್ತು ಆ ಫಲಕದ ಹಿಂದೆ ಅಂಗೈಯಗಲದ ಹೊಸ ಸೆಟ್ಟೊಂದನ್ನು ಅಡಗಿಸುತ್ತೇನೆಂದು ಹೊರಟಿದ್ದ. ನೋಡುವವರಿಗೆ ಹಳೆಯದು, ಕೇಳುವವರಿಗೆ ಹೊಸದು ಎಂಬುದು ಅವನ ವಾದ. ತಾಳೆಗರಿಯ ಕಟ್ಟಿನ ಹೊರಹಲಗೆಗಳನ್ನು ಉಳಿಸಿಕೊಂಡು ಗರಿಗಳನ್ನು ಒಲೆಗೆ ಹಾಕಿದಂತಾಗುತ್ತದಲ್ಲವೇನಪ್ಪ ಎಂದೆ. ಅವನು ನಕ್ಕ, ಆದರೆ ಸ್ಕ್ರೂಡ್ರೈವರನ್ನು ಕೆಳಗಿಟ್ಟ.

ಅವನ ಕಷ್ಟ ನಿಜವಾದದ್ದೇ. ವಿದ್ಯುತ್ತು ಒದಗಿಸುವ ಮೂಲ ಪೆಟ್ಟಿಗೆ ಅವನ ಬಳಿ ಇರಲಿಲ್ಲ. ಅದಕ್ಕೆ ಉಪಾಯವಿದೆ. ಸೆಟ್ಟಿಗೆ ಒಂದು ತೂತನ್ನೂ ಕೊರೆಯದೆ, ಬೇಕಾದ ವೋಲ್ಟುಗಳನ್ನು ಕೊಡುವ ಹೊಸ ಪೆಟ್ಟಿಗೆಯೊಂದನ್ನು ಹೊರಗೆ ಕಟ್ಟಿ, ಮೂಲದ ಸಾಕೆಟ್ಟಿಗೇ ಜೋಡಿಸಬಹುದು. ಬಿಡಿಭಾಗಗಳಿಗೆ ಎಸ್. ಪಿ. ರಸ್ತೆಯಿದೆ, ಸಿಗದ ತಿರುಪನ್ನೋ ಕೀಲನ್ನೋ ಕಡೆದುಕೊಡಲು ಪೀಣ್ಯದ ಲೇತುಗಳಿವೆ. ಅದಕ್ಕಿಂತ ಮಿಗಿಲಾಗಿ, ವಾಲ್ವುಗಳ ಕಾಲದಲ್ಲಿ ಕೆಲಸ ಕಲಿತ ನಿವೃತ್ತರು ಜಾಲಹಳ್ಳಿಯ ಸುತ್ತಿನ ಬಡಾವಣೆಗಳಲ್ಲಿ ಇನ್ನೂ ಇದ್ದಾರೆ. ಅವರಿಗೆ ಎಂಬತ್ತು ದಾಟಿದೆ. ಅವರನ್ನು ಕಾಣುವುದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬೇಡಿ.

ಮೊದಲ ಕೆಲವು ತಿಂಗಳು ಕೇಳುವುದಷ್ಟೇ ಸಾಕು. ಪೀಣ್ಯದ ನಡುವೆ ಕೂತರೆ ಯಂತ್ರಗಳ ಮತ್ತು ವೆಲ್ಡಿಂಗಿನ ಗದ್ದಲವಲ್ಲದೆ ಬೇರೇನೂ ಕೇಳಿಸದು. ನೆಲಮಂಗಲವನ್ನು ದಾಟಿ, ವಿದ್ಯುತ್ ತಂತಿಗಳಿಂದ ದೂರ, ಯಾವುದಾದರೂ ಕೆರೆಯ ಏರಿಯ ಬಳಿ ಜೀಪನ್ನು ನಿಲ್ಲಿಸಿ. ವಾಹನದ ಗಿಡ್ಡ ಕಡ್ಡಿಗಿಂತ ಮರಕ್ಕೆ ಎಸೆದ ಹತ್ತು ಮೀಟರು ತಂತಿ ಚೆನ್ನಾಗಿ ಕೆಲಸ ಮಾಡುತ್ತದೆ. ಬೆಳಗಿನ ಹೊತ್ತು 7 ಮೆಗಾಹರ್ಟ್ಸ್‌ನಲ್ಲಿ ದಕ್ಷಿಣದ ಹವ್ಯಾಸಿಗಳ ಮಾತು ಸಿಗುತ್ತದೆ. ಈಗಿನವರ ಮಾತಿನ ರೀತಿ ಬೇರೆಯಾದ್ದರಿಂದ ಹಳೆಯ ಸೆಟ್ಟಿನಲ್ಲಿ ಅದು ಬಾತುಕೋಳಿಯ ಕೂಗಿನಂತೆ ಕೇಳಿಸೀತು. ಮೋರ್ಸ್ ಸಂಕೇತಕ್ಕೆಂದು ಇಟ್ಟಿರುವ ಸ್ವಿಚ್ಚನ್ನು ಹಾಕಿ, ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ. ಬಾತುಕೋಳಿ ಮನುಷ್ಯನಾಗುತ್ತದೆ.